ಕವಚ ತೊಟ್ಟ ಹುಡುಗಿಗೊಂದು ಕೆಲಸ

ಕತೆಯನ್ನು ಬರೀ ಕತೆಯೆಂದು ಕೇಳಿ ಸುಮ್ಮನಿರುವ ಗುಣ ನನಗಿಲ್ಲ. ಅದರಲ್ಲೂ ಮದುವೆಗೆ ಬಂದ ಹುಡುಗಿಯೊಬ್ಬಳು ಕತೆಯಲ್ಲಿದ್ದರೆ ಮುಗಿಯಿತು, ನಾನು ಹೆಣ್ಣಿನ ಕಡೆಯವಳಾಗಿ ಆಗಲೇ ಚಾಪೆ ಹಾಸಿ ಕೂತಿರುತ್ತೇನೆ. ಧಾರಾವಾಹಿಯ ಗಂಡುಗಳನ್ನು ನಾನು ವಿಚಾರಿಸಿಕೊಳ್ಳುವ ರೀತಿಗೆ ಹೆದರಿ ನಮ್ಮವರು, ಅಂದರೆ ರೇನರ್ಸ್ ಲೇನಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುವ ನನ್ನ ಗಂಡ, ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾರೆ. ಉಡುಪಿಯಿಂದ ತಂದ ಉಳಿದೆಲ್ಲ ಗುಣಗಳು ಲಂಡನ್ನಿನ ಚಳಿಗೆ ಸ್ವಲ್ಪ ಮುದುಡಿವೆ, ಇದೊಂದು ಹಾಗೆಯೇ ಇದೆ.

ಕಳೆದ ಚಳಿಗಾಲದಲ್ಲಿ ನನ್ನ ಒಂದು ಕಣ್ಣಿನ ಪೊರೆ ತೆಗೆದರು. ಕಣ್ಣು ಉಜ್ಜಬಾರದು, ಭಾರ ಎತ್ತಬಾರದು ಎಂದು ನರ್ಸು ಹೇಳಿದಳು. ಫೋನ್ ನೋಡಬಾರದು, ಅಳಬಾರದು ಎಂಬುದನ್ನು ಊರಿನ ಪದ್ಧತಿಯಂತೆ ನಾನೇ ಸೇರಿಸಿಕೊಂಡೆ. ಆ ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ, ಇನ್ನೊಂದನ್ನು ಜೊತೆಗಿರಲೆಂದು ಮುಚ್ಚಿಕೊಂಡು ಸೋಫಾದಲ್ಲಿ ಕೂತೆ. ಆಗ ಮಗಳು ಮೈಥಿಲಿ ಬಂದು, ತಾನೊಂದು ಕತೆ ಬರೆದಿದ್ದೇನೆ, ಓದಲೇ ಎಂದಳು. ನನಗೆ ಆಶ್ಚರ್ಯ. ಯೂನಿವರ್ಸಿಟಿಗೆ ಸೇರಿದ ಮೇಲೆ ಅವಳು ನನ್ನೊಡನೆ ಆಡುತ್ತಿದ್ದದ್ದು 'ಐ ಆಮ್ ಫೈನ್, ಅಮ್ಮ' ಎಂಬ ಒಂದೇ ವಾಕ್ಯ.

ಇಂಗ್ಲಿಷಿನಲ್ಲಿ ಓದಿದಳು, ನನ್ನ ಇಂಗ್ಲಿಷ್ ನಿಂತಲ್ಲಿ ಕನ್ನಡದಲ್ಲಿ ಎಳೆದುಕೊಂಡು ಹೋದಳು. ಈ ದೇಶದ ಯಾವುದೋ ಹಳೇ ಐತಿಹ್ಯವನ್ನು ತನಗೆ ಬೇಕಾದಂತೆ ತಿರುಗಿಸಿ ಬರೆದಿದ್ದಳು. ಮಂಜು, ಕೋಟೆ, ಪಕ್ಕದ ರಾಜ್ಯದ ರಾಜಕುಮಾರನೊಡನೆ ಮದುವೆ ಗೊತ್ತಾದ ರಾಜಕುಮಾರಿ. ಅವಳ ಕಾವಲಿಗೆ ಅಡಿಯಿಂದ ಮುಡಿಯವರೆಗೆ ಕಬ್ಬಿಣ ತೊಟ್ಟ ಒಬ್ಬ ಕುದುರೆ ಸವಾರ. ತುಂಬಿದ ಹೊಳೆಯಲ್ಲಿ ಅವಳನ್ನು ಎತ್ತಿ ದಾಟಿಸಿದ ಮೇಲೆ ಸವಾರ ಓಕ್ ಮರದ ಕೆಳಗೆ ಶಿರಸ್ತ್ರಾಣ ತೆಗೆದರೆ, ಅದು ಹುಡುಗಿ. ಇಬ್ಬರೂ ಮುತ್ತಿಟ್ಟುಕೊಂಡರು. ಮೈಥಿಲಿ ಅಲ್ಲಿಗೆ ನಿಲ್ಲಿಸಿ, ಹೇಗಿದೆ ಎಂದು ಕೇಳಿದಳು.

ನಾನು ತಾಯಿಯಾದವಳು ಹೇಳಬೇಕಾದ್ದನ್ನು ಹೇಳಿದೆ. "ಈ ಸಂಬಂಧ ಬೇಡ."

ಲ್ಯಾಪ್‌ಟಾಪ್ ಮುಚ್ಚಿದ ಸದ್ದು, ಆಮೇಲೆ ಮೆಟ್ಟಿಲು ಹತ್ತಿದ ಸದ್ದು. ಕಾರಣ ಕೇಳಲೇ ಇಲ್ಲ. ನನ್ನ ಬಳಿ ಬೇಕಾದಷ್ಟು ಕಾರಣಗಳಿದ್ದವು. ರಾಜಕುಮಾರನಿಗೆ ಸ್ವಂತ ಕೋಟೆ ಇದೆ, ಅತ್ತೆಯ ಕಾಟವಿಲ್ಲ, ಅವಳು ಮೊದಲ ಅಧ್ಯಾಯದಲ್ಲೇ ತೀರಿಕೊಂಡಿದ್ದಾಳೆ. ಈ ಸವಾರಳಿಗೆ ಮನೆಯಿಲ್ಲ, ಮಠವಿಲ್ಲ. ಡ್ರ್ಯಾಗನ್ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಕುದುರೆಗೆ ಹುಲ್ಲು ಯಾರು ತರುತ್ತಾರೆ?

ಮರುದಿನ ಓದಲಿಲ್ಲ. ಅದರ ಮರುದಿನವೂ ಇಲ್ಲ. ಬರಹಗಾರರಿಗೆ ಸಿಟ್ಟು ಜಾಸ್ತಿ ಎಂದುಕೊಂಡೆ. ಕಣ್ಣಿಗೆ ಡ್ರಾಪ್ಸ್ ಹಾಕಲು ಮಾತ್ರ ಬರುತ್ತಿದ್ದಳು. ಕೊನೆಗೆ ಕತ್ತು ಹಿಂದಕ್ಕೆ ಚೆಲ್ಲಿಕೊಂಡೇ ನಾನು, ಆ ಕವಚದ ಹುಡುಗಿ ಏನಾದಳು ಎಂದು ಕೇಳಿದೆ.

"ಸತ್ತಳು."

"ಅಯ್ಯೋ, ಯಾರು ಕೊಂದದ್ದು?"

"ಯು, ಅಮ್ಮ."

"ಕೊಲ್ಲು ಅಂತ ಯಾರು ಹೇಳಿದ್ದು ಮಾರಾಯ್ತಿ? ಒಂದು ಕಡೆ ನಿಂತು ಮಾಡುವ ಕೆಲಸ ನೋಡಿಕೊಳ್ಳಲಿ ಅಂತ ನನ್ನ ಲೆಕ್ಕ."

ಡ್ರಾಪ್ಸ್ ಮೂಗಿನ ಮೇಲೆ ಬಿತ್ತು. ಕೆಲಸ ಇದ್ದಿದ್ದರೆ ಎಂದು ಕೇಳಿದಳು. ಇದ್ದಿದ್ದರೆ ಎಂತ, ಹುಡುಗಿ ಒಳ್ಳೆಯವಳೇ, ಹೊಳೆ ದಾಟಿಸಿದ್ದಾಳೆ ಎಂದೆ.

"ಅವಳು ಹುಡುಗಿ, ಅಮ್ಮ."

"ಗೊತ್ತಾಯ್ತಲ್ಲ, ತಲೆಯದ್ದು ತೆಗೆದಳಲ್ಲ."

ಮೈಥಿಲಿ ನೆಲದ ಮೇಲೆ ಕೂತು ನನ್ನ ಮೊಣಕಾಲಿಗೆ ಮುಖವಿಟ್ಟು ಅತ್ತಳು. ಹೌನ್ಸ್ಲೋದಲ್ಲಿ ರೋಸಿ ಎಂಬವಳೊಬ್ಬಳಿದ್ದಾಳೆ ಎಂದು ಆ ಅಳುವಿನ ನಡುವೆಯೇ ಗೊತ್ತಾಯಿತು. ನಾನೇನು ಅಷ್ಟು ದೊಡ್ಡ ಮನಸ್ಸಿನವಳಲ್ಲ. ನೇರವಾಗಿ ಹೇಳಿದ್ದರೆ ಉಡುಪಿಯ ಅಕ್ಕನಿಗೆ ಫೋನ್ ಮಾಡಿ ಗೋಳಾಡುತ್ತಿದ್ದೆನೋ ಏನೋ. ಈಗ ನೋಡಿದರೆ ಕೆಲಸದ ತಕರಾರೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ನಾನೇ ಒಪ್ಪಿಯಾಗಿತ್ತು. ಆದರೆ ನನ್ನ ಹೊಟ್ಟೆಯ ಮಗು, ನನ್ನಲ್ಲಿ ಒಂದು ಮಾತು ಕೇಳಲು ನನ್ನ ಕಣ್ಣು ಮುಚ್ಚುವವರೆಗೆ ಕಾದು, ಒಂದು ರಾಜ್ಯವನ್ನೇ ಕಟ್ಟಿ ಅದರ ಹಿಂದೆ ಅವಿತು ನಿಂತಿತ್ತಲ್ಲ. ಅಳಬಾರದೆಂಬ ನನ್ನ ನಿಯಮ ಅಂದೇ ಮುರಿಯಿತು.

ಶನಿವಾರ ರೋಸಿ ಸೈಕಲ್ಲಿನಲ್ಲಿ ಬಂದಳು. ಬಾಗಿಲಲ್ಲಿ ಹೆಲ್ಮೆಟ್ ತೆಗೆದಳು, ಕೆಂಚು ಕೂದಲಿನ, ನಾಚಿಕೆಯ ಹುಡುಗಿ. ಅಪ್ಪ ಮಗಳು ಸೇರಿ, ಏನನ್ನೂ ವಿಚಾರಿಸಬಾರದೆಂದು ನನ್ನಿಂದ ಮೊದಲೇ ಆಣೆ ಮಾಡಿಸಿದ್ದರು. ಅವಳು ದೋಸೆಯ ಮೇಲೆ ದೋಸೆ ತಿಂದಳು, ನಾನು ಹವಾಮಾನದ ಬಗ್ಗೆ ಮಾತ್ರ ಮಾತಾಡಿದೆ. ನನ್ನ ಬಾಯಿ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಮ್ಮವರು ಮದುವೆಯಾದ ಮೇಲೆ ಕಂಡದ್ದೇ ಅಂದು.

ಹೊರಟು ನಿಂತ ರೋಸಿ ಹೆಲ್ಮೆಟ್ ಹಾಕಿಕೊಂಡು, ಮತ್ತೆ ಅದನ್ನು ತೆಗೆದು, ಎಷ್ಟು ದಿನದಿಂದ ಬಾಯಿಪಾಠ ಮಾಡಿದ್ದಳೋ, ಕನ್ನಡದಲ್ಲಿ ಹೇಳಿದಳು: "ಆಂಟಿ, ನನ್ನ ಕೆಲಸ ಪರ್ಮನೆಂಟ್."

ಮೈಥಿಲಿ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು. ಒಂದು ಒಳ್ಳೆಯ ಮಾತು ಹೇಳಬೇಕಾದ ಗಳಿಗೆ ಇದೇ ಎಂದು ನನಗೂ ಗೊತ್ತಿತ್ತು. ಹುಡುಗಿಯ ಕೆನ್ನೆ ಸವರಿದೆ. ಬಾಯಿ ತೆರೆದೆ.

"ಸಂತೋಷ ಮಗಾ. ಮನೆ ಸ್ವಂತದ್ದೋ, ಬಾಡಿಗೆಯದ್ದೋ?"