ಅಮ್ಮೋನನ ಉಪ್ಪು, ನಮ್ಮ ಬೋಗಾಣಿ

ಗೊತ್ತಿದ್ದದ್ದನ್ನು ಹೇಳದೆ ಇರುವುದು ನನ್ನಿಂದ ಆಗದ ಕೆಲಸ. ಮೂವತ್ತು ವರ್ಷ ಸಿಂದಗಿಯಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತನಾದೆ. ಸಂಬಳ ನಿಂತಿತು, ಪಾಠ ನಿಲ್ಲಲಿಲ್ಲ. ಹುಡುಗರಾದರೆ ಗಂಟೆ ಹೊಡೆದಾಗ ಎದ್ದು ಹೋಗುತ್ತಿದ್ದರು. ಮನೆಯವರಿಗೆ ಆ ಸೌಲಭ್ಯವೂ ಇಲ್ಲ.

ಹೋದ ವರ್ಷ ಮೋರಟಗಿಯ ಹುಸೇನಸಾಬರು ನಮ್ಮ ಓಣಿಗೆ ಕಲಾಯಿ ಹಾಕಲು ಬಂದರು. ಸ್ಟೀಲ್ ಪಾತ್ರೆ ಬಂದ ಮೇಲೆ ಅವರನ್ನು ಕರೆಯುವವರೇ ಕಡಿಮೆ. ಸಾರಿಗೆ ಹಿತ್ತಾಳೆ ಬೋಗಾಣಿಯೇ ಆಗಬೇಕೆನ್ನುವ ನನ್ನ ಹೆಂಡತಿ ಫೋನ್ ಮಾಡಿ ಕರೆಸಿದ್ದಳು, ಓಣಿಯವರಿಗೂ ಹೇಳಿದ್ದಳು. ಬೇವಿನ ಗಿಡದ ಕೆಳಗೆ ಏಳು ಪಾತ್ರೆ ಸಾಲಾಗಿ ಕೂತಿದ್ದವು. ಅವರು ಇದ್ದಿಲು ಹೊತ್ತಿಸಿ, ಕಾದ ಬೋಗಾಣಿಗೆ ನವಸಾಗರದ ಪುಡಿ ಉದುರಿಸಿದರು. ಬಿಳಿ ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನೊಳಗಿನ ಮಾಸ್ತರ ಎದ್ದು ನಿಂತ.

"ಇಂಗ್ಲಿಷಿನಾಗ ಇದರ ಹಳೇ ಹೆಸರು ಸಾಲ್ ಅಮೋನಿಯಾಕ್. ಅಂದ್ರ ಅಮ್ಮೋನನ ಉಪ್ಪು. ಅಮ್ಮೋನ ಅಂದ್ರ ಈಜಿಪ್ತಿನ ಕಡೆ ಒಬ್ಬ ದೇವರು. ಅವನ ಗುಡಿ ಹತ್ರ ಸಿಗತಿತ್ತಂತ, ಅದಕ್ಕ ಆ ಹೆಸರು."

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. "ಆಗಿನ ಕಾಲಕ್ಕ ಒಂಟೆ ಲದ್ದಿ ಸುಟ್ಟು, ಅದರ ಮಸಿಯಿಂದ ತಗೀತಿದ್ರು" ಎಂದೆ.

"ಲದ್ದಿ?" ಎಂದಳು ಹೆಂಡತಿ. "ನಮ್ಮ ಸಾರಿನ ಬೋಗಾಣಿಗೆ?"

ಪಾತ್ರೆಗಳು ಒಂದೊಂದಾಗಿ ಕಂಕುಳೇರಿ, ಕಾದದ್ದು ಇಕ್ಕಳದಲ್ಲಿ ತೂಗುತ್ತಾ, ಮನೆಗೆ ನಡೆದವು. ಈಗ ಅದನ್ನು ಕಾರ್ಖಾನೆಯಲ್ಲಿ ಮಾಡುತ್ತಾರೆಂದು ಹಿಂದೆ ಹಿಂದೆ ಹೋಗಿ ಹೇಳಿದೆ. ಯಾರೂ ತಿರುಗಿ ನೋಡಲಿಲ್ಲ.

"ಸರ, ತಿಂಗಳಿಗೊಂದು ಕೆಲಸ ಸಿಗೂದು ಕಷ್ಟ ಐತ್ರಿ. ಅದನ್ನೂ ಹಿಂಗ ಮಾಡಿದ್ರಲ್ರಿ" ಎಂದರು ಹುಸೇನಸಾಬರು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಕೊನೆಗೆ ಕಾಪಾಡಿದ್ದು ಎದುರುಮನೆಯ ಮುದುಕಿ ಗಂಗವ್ವ. ಕಟ್ಟೆಯ ಮೇಲೆ ಕೂತೇ ಗದರಿದಳು: "ವಿಭೂತಿ ಯಾತರದ್ದ? ಸೆಗಣಿ ಸುಟ್ಟ ಮಾಡೂದಲ್ಲೇನು? ದಿನಾ ಹಣಿಗೆ ಹಚ್ಕೋತೀರಿ. ಇದೂ ಗುಡಿ ಕಡೀದು ಅಂತ ಮಾಸ್ತರ ಹೇಳಾಕತ್ತಾನಲ್ಲ. ಹುಸೇನಾ, ನಂದು ಮೊದಲ ಹಾಕು."

ಗಂಗವ್ವನದೂ ನಮ್ಮದೂ ಸೇರಿ ನಾಲ್ಕು ಪಾತ್ರೆ ವಾಪಸು ಬಂದವು. ಮೂರು ಬರಲೇ ಇಲ್ಲ.

ಮೊನ್ನೆ ಹುಸೇನಸಾಬರ ಫೋನ್ ಬಂತು. ಹೆಂಡತಿ ಸ್ಪೀಕರಿಗೆ ಹಾಕಿದಳು.

"ಅಕ್ಕಾರ, ಕಲಾಯಿಗೆ ಬರ್ಲೇನ್ರಿ? ಸರ್ರು ಮನ್ಯಾಗ ಅದಾರೇನ್ರಿ?"

"ಅದಾರ."

"ಹಂಗಾರ ಅವರು ಊರಿಗೆ ಹೋದಾಗ ಹೇಳ್ರಿ, ಬರ್ತೇನಿ."

ಬುಧವಾರ ನಾನು ಇಂಡಿಯಲ್ಲಿರುವ ತಂಗಿಯ ಮನೆಗೆ ಹೊರಟಿದ್ದೇನೆ. ಈ ಸಲ ಓಣಿಯಲ್ಲಿ ಹನ್ನೊಂದು ಪಾತ್ರೆ ಸೇರಿವೆಯಂತೆ.