ಚಿಕ್ಕಮ್ಮನಿಗೆ ನಾನು ಮಾಡಿದ ಉಪಕಾರ

ನನ್ನ ಚಿಕ್ಕಮ್ಮ ನನಗೆ ಒಂದು ದಿನವೂ ಬಯ್ಯುತ್ತಿರಲಿಲ್ಲ, ಕೆಲಸ ಹೇಳುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿಲ್ಲ ಎಂದರೆ ಈಗ ನನ್ನ ಸೊಸೆಯರು ನಂಬುವುದಿಲ್ಲ. ಅವರಿಗೆ ವಿವರಿಸಿ ವಿವರಿಸಿ ನನಗೂ ಸಾಕಾಗಿದೆ.

ಅದು ಯುದ್ಧದ ಕಾಲ. ನಮ್ಮದು ಹೊನ್ನಾಳಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರ ಮನೆ. ಅವ್ವ ತೀರಿಕೊಂಡ ಮೇಲೆ ಅಪ್ಪ ಸಾಸ್ವೆಹಳ್ಳಿಯ ವಿಧವೆಯೊಬ್ಬಳನ್ನು ಮದುವೆಯಾದ. ಜೊತೆಗೆ ಅವಳ ಮಗಳು ಖಾಜಾಬಿಯೂ ಬಂದಳು. ನನ್ನಂತೆ ಅವಳಿಗೂ ಹನ್ನೊಂದು ವರ್ಷ. ಮಲತಾಯಿ ಎಂಬ ಕೆಟ್ಟ ಹೆಸರು ಬಂದೀತೆಂದು ಚಿಕ್ಕಮ್ಮನಿಗೆ ಪ್ರಾಣಭಯ. ಹಾಗಾಗಿ ಖಾಜಾಬಿಗೆ ಕಸ, ಮುಸುರೆ, ನೀರು, ಬೈಗುಳ. ನನಗೆ ತುಪ್ಪ ಸವರಿದ ರೊಟ್ಟಿ, ಅದೂ ಬೀದಿಗೆಲ್ಲ ಕಾಣುವಂತೆ ಕಟ್ಟೆಯ ಮೇಲೆ! ಖಾಜಾಬಿ ಬೈಸಿಕೊಳ್ಳುತ್ತಲೇ ತಾಯಿಯ ಸೆರಗು ಹಿಡಿದು ಓಡಾಡುತ್ತಿದ್ದಳು. ನಾನು ಬೀಗರ ಹಾಗೆ ಕೂತಿರುತ್ತಿದ್ದೆ. ಅಳು ಬರುತ್ತಿತ್ತು. ನನಗೂ ಆ ಮನೆಯ ಮಗಳಾಗಬೇಕಿತ್ತು.

ಉಪಾಯ ಬಹಳ ಸುಲಭವಾಗಿ ಕಂಡಿತು: ಹೇಳಿಸಿಕೊಳ್ಳದೆ ಕೆಲಸ ಮಾಡುವುದು.

ಮೊದಲು ಕೊಡ ಎತ್ತಿಕೊಂಡು ಹೊಳೆಗೆ ಹೋದೆ. ಪಕ್ಕದ ಮನೆಯ ಗೌರಮ್ಮ ಕಂಡರು. ಕೊಡ ಮನೆ ಮುಟ್ಟುವ ಮೊದಲೇ, ಮಲತಾಯಿ ನೀರು ಹೊರಿಸುತ್ತಾಳೆಂಬ ಸುದ್ದಿ ಕೇರಿ ಮುಟ್ಟಿತು. ಆಗಲೂ ಚಿಕ್ಕಮ್ಮ ಬಯ್ಯಲಿಲ್ಲ. ತುಪ್ಪ ಹೆಚ್ಚಿಸಿದಳು.

ಆಮೇಲೆ ಅಪ್ಪ ಇಲ್ಲದಾಗ ಹತ್ತಿ ಹಿಂಜಲು ಕೂತೆ. ತಲೆ, ಹುಬ್ಬು ಬೆಳ್ಳಗಾಗಿ, ಕೆಮ್ಮುತ್ತ ಹೊರಗೆ ಬಂದರೆ, ಕೊರಗಿ ಕೊರಗಿ ಹುಡುಗಿಯ ತಲೆಯೇ ನರೆತುಹೋಯಿತೆಂದು ಕೇರಿ ತೀರ್ಮಾನಿಸಿತು. ಮೂರನೆಯ ಸಲ ರೊಟ್ಟಿ ಬೇಯಿಸಿ ಅಂಗೈ ಸುಟ್ಟುಕೊಂಡೆ. ಚಿಕ್ಕಮ್ಮನ ಮರ್ಯಾದೆ ಉಳಿಸಬೇಕಲ್ಲ, ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟು ಓಡಾಡಿದೆ. ಅಷ್ಟಕ್ಕೇ, ಮಲತಾಯಿ ಕೈ ಮುರಿದಳೆಂಬ ಸುದ್ದಿ ಜಗಳೂರು ಕಡೆಯ ಸೊಕ್ಕೆಗೆ, ನನ್ನ ಅವ್ವನ ತವರಿಗೆ ಹೋಯಿತು.

ಪೆಟ್ರೋಲ್ ಸಿಗದ ಆ ದಿನಗಳಲ್ಲಿ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸು ಹತ್ತಿ ಅಜ್ಜಿ ಬಂದಿಳಿದಳು. ಸುಟ್ಟ ಅಂಗೈ ನೋಡಿದವಳೇ ನನ್ನ ಬಟ್ಟೆ ಗಂಟು ಕಟ್ಟತೊಡಗಿದಳು. ನಾನು ಗಂಟನ್ನು ಹಿಡಿದುಕೊಂಡೆ. ಚಿಕ್ಕಮ್ಮ ಏನೂ ಹೇಳಿಲ್ಲ, ನಾನೇ ಕದ್ದು ಕೆಲಸ ಮಾಡಿದ್ದು ಎಂದು ಅಂಗಲಾಚಿದೆ.

"ನೋಡ್ರಿ ಗೌರಮ್ಮ, ಹೆಂಗೆ ಹೇಳಿಕೊಟ್ಟಾಳೆ" ಎಂದಳು ಅಜ್ಜಿ, ಬಾಗಿಲಲ್ಲಿ ಇಣುಕುತ್ತಿದ್ದ ಗೌರಮ್ಮನಿಗೆ.

ಅಪ್ಪ ಹತ್ತಿ ಹಿಂಜುವ ನೆಪದಲ್ಲಿ ಒಳಗೆ ಜಾರಿಕೊಂಡ. ತಲೆಯ ಮೇಲೆ ಕೈ ಹೊತ್ತು ಕೂತಿದ್ದ ಚಿಕ್ಕಮ್ಮ ನಿಧಾನವಾಗಿ ಎದ್ದಳು.

"ಹೆಸರು ಕೆಡಬಾರದು ಅಂತ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ಈಗ ಹೆಂಗೂ ಕೆಟ್ಟೈತೆ" ಎಂದು ನನ್ನ ಕಡೆ ತಿರುಗಿದಳು. "ಏ ಮಾಬಿ, ಮೂದೇವಿ, ಏನು ನೋಡ್ತಾ ನಿಂತೀಯ? ಅಜ್ಜಿ ಬಿಸಿಲಾಗೆ ಬಂದಾರೆ, ಒಲೆ ಹಚ್ಚು. ಎಲ್ಲಾ ಮಾಡಾಕೆ ನನಗೇನು ಹತ್ತು ಕೈ ಅದಾವಾ?"

ಮೂದೇವಿ! ಖಾಜಾಬಿಯ ಸ್ವಂತ ಬೈಗುಳ, ನನಗೆ! ಸಂತೋಷ ತಡೆಯಲಾಗದೆ ಅಳುತ್ತ ನಗುತ್ತ ಒಲೆ ಊದಿದೆ.

ಅಜ್ಜಿ ನನ್ನನ್ನೇ ನೋಡುತ್ತ ಕೂತಿದ್ದು, ಗಂಟು ಬಿಚ್ಚಿದಳು. "ಬೈಸಿಕೊಂಡು ಹಿಂಗೆ ನಗೋ ಹುಡುಗೀನ ಕರ್ಕೊಂಡು ಹೋಗಿ ನಾನೇನು ಮಾಡ್ಲಿ" ಎಂದು, ಊಟ ಮುಗಿಸಿ ಊರಿಗೆ ಹೊರಟಳು.

ಮರುದಿನದಿಂದ ನಾನು ಆ ಮನೆಯ ಮಗಳು. ಕಸ ನನ್ನದು, ಮುಸುರೆ ನನ್ನದು, ಬೈಗುಳದಲ್ಲಿ ಸಮಪಾಲು. ತುಪ್ಪ ನಿಂತಿತು. ಖಾಜಾಬಿ ಗೆಲುವಾದಳು. ನಾಲ್ಕನೆಯ ದಿನ ನಾನು ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದು, ಅಜ್ಜಿ ಏನಾದರೂ ಮರೆತು ವಾಪಸು ಬರುತ್ತಿದ್ದಾಳೇನೋ ಎಂದು ಬಸ್ಸಿನ ದಾರಿ ನೋಡಿದೆ.