ಕರಿಕಲ್ಲಿನ ಮೇಲೆ ಕೂತಿರುವ ಧ್ಯೇಯೋದ್ದೇಶದವರಿಗೆ ದೇವದುರ್ಗದಿಂದ ಒಂದು ವಿನಂತಿ

ಗೆ,
ಮಾನ್ಯ ಪರಿಷ್ಕೃತ ಧ್ಯೇಯೋದ್ದೇಶದವರು,
ಕರಿಕಲ್ಲಿನ ಫಲಕ, ಮುಖ್ಯದ್ವಾರದ ಬಲಗಡೆ,
ಎಡೆದೊರೆ ವಿಶ್ವವಿದ್ಯಾಲಯ, ರಾಯಚೂರು.

ವಿಷಯ: ತಮ್ಮ ಘನತೆಗೆ ಹೊಂದುವುದಿಲ್ಲವೆಂಬ ಕಾರಣಕ್ಕೆ ಮುಚ್ಚಲಾಗುತ್ತಿರುವ ದೇವದುರ್ಗದ ಸಂಜೆ ಪದವಿ ಕೇಂದ್ರದ ಬಗ್ಗೆ.

ಮಾನ್ಯರೇ,

ರಾಯಚೂರಿನ ಬಿಸಿಲಿನಲ್ಲಿ ಹಗಲೆಲ್ಲ ನಿಂತರೂ ಮುಖದ ಕಳೆ ಕುಂದದ, ಬಂದುಹೋಗುವ ಯಾರಿಗೂ ತಲೆಬಾಗದ, ಬಂಗಾರದ ಬಣ್ಣದ ಅಕ್ಷರಗಳಲ್ಲಿ ಥಳಥಳಿಸುವ ತಮ್ಮ ಸನ್ನಿಧಿಗೆ, ದೇವದುರ್ಗದ ಬಸ್ ನಿಲ್ದಾಣದ ಎದುರು ಚಪ್ಪಲಿ ಅಂಗಡಿ ನಡೆಸುವವಳೂ, ತಮ್ಮದೇ ವಿಶ್ವವಿದ್ಯಾಲಯದ ಸಂಜೆ ಕೇಂದ್ರದಲ್ಲಿ ಬಿ.ಎ. ಎರಡನೆಯ ವರ್ಷ ಓದುವವಳೂ ಆದ ಹೀರಾಬಿಯ ಸಲಾಮುಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕಲ್ಲಿನಲ್ಲಿ ಕೊರೆಸಿಕೊಂಡವರಿಗೆ ನೆಗಡಿ, ಜ್ವರ, ಮೊಣಕಾಲು ನೋವುಗಳ ಕಾಟವಿರುವುದಿಲ್ಲವಾದ್ದರಿಂದ ಹೆಚ್ಚು ವಿಚಾರಿಸುತ್ತಿಲ್ಲ.

ಕುಲಪತಿಗಳಿಗೆ ಬರೆಯಬೇಕಾದ ಪತ್ರವನ್ನು ತಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಕೇಂದ್ರವನ್ನು ಈ ಸೆಮಿಸ್ಟರ್ ಮುಗಿದ ಕೂಡಲೇ ಮುಚ್ಚುತ್ತಾರೆಂದು ಗೊತ್ತಾದಾಗ ನಾನು ರಾಯಚೂರಿಗೆ ಹೋಗಿ ಕುಲಪತಿಗಳನ್ನು ಕಂಡೆ. ಅವರು ಬಹಳ ಸೌಜನ್ಯದಿಂದ ಕುರ್ಚಿ ತೋರಿಸಿ, ಚಹಾ ತರಿಸಿ, "ಇದ್ರಾಗ ನಂದೇನೂ ಇಲ್ಲಮ್ಮಾ, ಎಲ್ಲಾ ಧ್ಯೇಯೋದ್ದೇಶದ ಪ್ರಕಾರ ನಡೀತದ" ಎಂದರು. ಕುಲಸಚಿವರ ಕೋಣೆಗೆ ಹೋದೆ. ಅವರು ಚಹಾ ತರಿಸಲಿಲ್ಲ, ಆದರೆ "ಧ್ಯೇಯೋದ್ದೇಶ ಬಿಟ್ಟು ನಾವು ಒಂದ್ ಹೆಜ್ಜಿ ಇಡಂಗಿಲ್ರಿ" ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದರು. ಇಷ್ಟು ದೊಡ್ಡ ಸಂಸ್ಥೆಯಲ್ಲಿ ನಿಜವಾದ ಅಧಿಕಾರ ಇರುವುದು ತಮ್ಮೊಬ್ಬರ ಕೈಯಲ್ಲಿ ಎಂಬುದು ನನಗೆ ಅಂದು ತಿಳಿಯಿತು. ಹೊರಗೆ ಬಂದು ಗೇಟಿನ ಹತ್ತಿರ ತಮ್ಮೆದುರು ಸ್ವಲ್ಪ ಹೊತ್ತು ನಿಂತೆ. ಮನೆಗೆ ಬಂದು ತಮಗೇ ಪತ್ರ ಬರೆಯುತ್ತೇನೆಂದಾಗ ನನ್ನ ಯಜಮಾನರಾದ ಗುಲಾಮ್ ದಸ್ತಗೀರ್, "ಪತ್ತರ್ ಸೆ ಕ್ಯಾ ಝಗಡ್ತೆ ಜೀ ತುಮೆ?" ಎಂದು ನಮ್ಮ ಮನೆಮಾತಿನಲ್ಲಿ ನಕ್ಕರು. ಕಲ್ಲಿನ ಜೊತೆ ಎಂಥ ಜಗಳ ಎಂದು ಅದರರ್ಥ. ನಾನು ಜಗಳವಾಡುತ್ತಿಲ್ಲ, ಅರ್ಜಿ ಕೊಡುತ್ತಿದ್ದೇನೆ.

ಮೊದಲಿಗೆ ತಮ್ಮನ್ನು ಮೆಚ್ಚಿಕೊಳ್ಳಲು ಅಪ್ಪಣೆ ಕೊಡಿ. 'ಜಾಗತಿಕ ಉತ್ಕೃಷ್ಟತೆಯ ಹಾಗೂ ಶ್ರೇಷ್ಠತೆಯ, ನಾವೀನ್ಯಪೂರ್ಣ, ಮೌಲ್ಯಾಧಾರಿತ, ಸುಸ್ಥಿರ ಹಾಗೂ ಚೈತನ್ಯಶೀಲ ಜ್ಞಾನಸಮಾಜದ ಸಮಗ್ರ ನಿರ್ಮಾಣಕ್ಕೆ ಬದ್ಧವಾಗಿರುವುದು.' ಇದು ತಮ್ಮ ಪೂರ್ಣ ಸ್ವರೂಪ. ಇದನ್ನು ನಾನು ಅಂಗಡಿಯಲ್ಲಿ ಕೂತು ಒಂದೇ ಉಸಿರಿನಲ್ಲಿ ಹೇಳಲು ಪ್ರಯತ್ನಿಸಿದಾಗ, ಕಾಲಿಗೆ ಚಪ್ಪಲಿ ಹಾಕಿ ನೋಡುತ್ತಿದ್ದ ಗಿರಾಕಿ ಹೆಣ್ಣುಮಗಳು ನನಗೇನೋ ಆಯಿತೆಂದು ಹೆದರಿ ನೀರು ತಂದುಕೊಟ್ಟಳು. ಪಾಠ, ಪುಸ್ತಕ, ಮಾಸ್ತರು, ವಿದ್ಯಾರ್ಥಿ ಎಂಬ ಸಣ್ಣಪುಟ್ಟ ಮಾತುಗಳ ಸೋಂಕೇ ತಗಲದಂತೆ ತಾವು ಮೈ ಕಾಪಾಡಿಕೊಂಡಿರುವ ರೀತಿಗೆ ನಾನು ಬೆರಗಾಗಿದ್ದೇನೆ. ತಮ್ಮನ್ನು ಕಿತ್ತು ಒಂದು ಸಿಮೆಂಟು ಕಾರ್ಖಾನೆಯ ಗೇಟಿಗೆ ಹಾಕಿದರೂ ಒಪ್ಪುತ್ತದೆ, ಬ್ಯಾಂಕಿಗೂ ಒಪ್ಪುತ್ತದೆ, 'ಜ್ಞಾನ' ಎಂಬುದೊಂದನ್ನು ಅಳಿಸಿದರೆ ನನ್ನ ಚಪ್ಪಲಿ ಅಂಗಡಿಗೂ ಅಡ್ಡಿಯಿಲ್ಲ.

ತಮ್ಮ ಹಿರಿಯರು, ಅಂದರೆ ಹಳೆಯ ಧ್ಯೇಯೋದ್ದೇಶದವರು, ಇಷ್ಟು ಭಾಗ್ಯವಂತರಾಗಿರಲಿಲ್ಲ. ವಿಶ್ವವಿದ್ಯಾಲಯ ಶುರುವಾದಾಗ ಯಾರೋ ಅವಸರದಲ್ಲಿ ದೂರದ ಯಾವುದೋ ಸಂಸ್ಥೆಯಿಂದ ಎತ್ತಿ ತಂದು ಕೂರಿಸಿದ್ದರಿಂದ, ಅವರು 'ಕಡಲತೀರದ ಜನರ ಏಳಿಗೆಗಾಗಿ' ಎಂದು ಕೊನೆಯವರೆಗೂ ದುಡಿದರು. ತಪಾಸಣೆಗೆ ಬಂದ ತಂಡದ ಹಿರಿಯರೊಬ್ಬರು ಊಟಕ್ಕೆ ಮೊದಲು ಕಡಲು ಯಾವ ದಿಕ್ಕಿಗಿದೆ ಎಂದು ಕೇಳುವವರೆಗೂ ಅದನ್ನು ಯಾರೂ ಓದಿರಲಿಲ್ಲ. ಅಂದೇ ಪರಿಷ್ಕರಣಾ ಸಮಿತಿ ಹುಟ್ಟಿತು. ಸಮಿತಿಯಲ್ಲಿ ಸಂಜೆ ಕೇಂದ್ರದ ಪ್ರತಿನಿಧಿಯೂ ಇರಬೇಕೆಂದು ಸುತ್ತೋಲೆ ಬಂದಾಗ, ನಮ್ಮ ತರಗತಿಯವರೆಲ್ಲ ಸೇರಿ ವಯಸ್ಸಿನಲ್ಲಿ ಹಿರಿಯಳೆಂದು ನನ್ನನ್ನು ಆರಿಸಿದರು. ಪಿಯುಸಿ ಮುಗಿಸಿ ಮದುವೆಯಾದವಳು, ಮಗಳು ಮಿನಾಜಳ ಓದು ಮುಗಿದ ಮೇಲೆ ಮತ್ತೆ ಬೆಂಚಿನ ಮೇಲೆ ಕೂತವಳು ನಾನು. ನನಗೆ ಆ ದಿನ ಹಿಗ್ಗೋ ಹಿಗ್ಗು.

ಮೊದಲ ಸಭೆ ರಾಯಚೂರಿನಲ್ಲಿ ನಡೆಯಿತು. ಸಮಿತಿಯ ಸಂಚಾಲಕರಾದ ಪ್ರೊಫೆಸರ್ ನಿಂಗರಾಜ ಅವರು ಮಾನ್ವಿ ಕಡೆಯವರು, ಮೃದು ಸ್ವಭಾವದವರು, ಎಲ್ಲರ ಮಾತಿಗೂ ತಲೆಯಾಡಿಸುವವರು. ಅವರು ಎಲ್ಲರಿಗೂ ಮಾತಾಡಲು ಸಮಯ ಕೊಟ್ಟಂತೆ ನನಗೂ ಕೊಟ್ಟರು. ನಾನು ಎದ್ದುನಿಂತು, 'ದುಡಿಯುವವರಿಗೆ ಅವರ ದುಡಿಮೆ ಮುಗಿದ ಹೊತ್ತಿಗೆ, ಅವರ ಊರಲ್ಲೇ ಪಾಠ ಹೇಳುವುದು' ಎಂಬ ಒಂದು ವಾಕ್ಯ ಇರಲಿ ಎಂದೆ. ಸಭೆ ಚಪ್ಪಾಳೆ ತಟ್ಟಿತು. ಕುಲಪತಿಗಳು "ಇದೇ ನೋಡ್ರಿ ನಮ್ ಆತ್ಮ" ಎಂದರು. ನಾನು ಆ ಮಾತನ್ನು ನಂಬಿದೆ.

ಎರಡನೆಯ ಸಭೆ, ಅಂದರೆ ಕಾರ್ಯಾಗಾರ, ಮಾನ್ವಿಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಬೆಳಿಗ್ಗೆ ತಿಂಡಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ, ಮಧ್ಯಾಹ್ನ ಹೋಳಿಗೆ ತುಪ್ಪ. ತಮ್ಮ ಅಂಗಾಂಗಗಳು ಕೂಡಿದ್ದು ಅಲ್ಲಿಯೇ ಆದ್ದರಿಂದ ತಾವು ಆ ಊರನ್ನು ತವರೆಂದು ತಿಳಿಯಬೇಕು. ವಿದೇಶದ ವಿಚಾರಸಂಕಿರಣಕ್ಕೆ ಹೋಗಿಬಂದಿದ್ದ ಕುಲಪತಿಗಳು 'ಜಾಗತಿಕ'ವನ್ನು ತಂದರು. ವಾಣಿಜ್ಯ ವಿಭಾಗದವರು 'ನಾವೀನ್ಯ' ಕೊಟ್ಟರು. ಸಸ್ಯಶಾಸ್ತ್ರದವರು 'ಸುಸ್ಥಿರ' ಇಲ್ಲದೆ ಏಳುವುದಿಲ್ಲವೆಂದು ಕೂತರು. ದೈಹಿಕ ಶಿಕ್ಷಣದ ನಿರ್ದೇಶಕರು ಆಟೋಟಕ್ಕೂ ಒಂದು ಜಾಗ ಬೇಕೆಂದು 'ಚೈತನ್ಯಶೀಲ'ವನ್ನು ಸೇರಿಸಿದರು. 'ಉತ್ಕೃಷ್ಟತೆ' ಬೇಕೋ 'ಶ್ರೇಷ್ಠತೆ' ಬೇಕೋ ಎಂದು ಇಬ್ಬರು ಹಿರಿಯ ಪ್ರಾಧ್ಯಾಪಕರ ನಡುವೆ ಬಿಸಿ ಏರಿದಾಗ, ನಿಂಗರಾಜ ಅವರು ಹೋಳಿಗೆ ಆರುತ್ತದೆಂದು ನೆನಪಿಸಿ ಎರಡನ್ನೂ ಬರೆದುಕೊಂಡರು. ನನ್ನ ವಾಕ್ಯವೂ ಕೊನೆಯಲ್ಲಿ, ಮನೆಗೆ ಬಂದ ನೆಂಟರ ಹಿಂದೆ ನಿಂತ ಹುಡುಗಿಯಂತೆ, ಸುಮ್ಮನೆ ನಿಂತಿತ್ತು.

ಮೂರನೆಯ ಸಭೆ ಬೆಳಿಗ್ಗೆ, ತಮ್ಮ ಅನಾವರಣ ಅದೇ ಮಧ್ಯಾಹ್ನ ಎಂದು ಗೊತ್ತಾಯಿತು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊತ್ತಿಗೆ ಮುಂಚೆಯೇ ಬಸ್ ನಿಲ್ದಾಣಕ್ಕೆ ಬಂದೆ. ನನ್ನ ಸಹಪಾಠಿ ಸುಮಂಗಲಾ, ಹತ್ತಿರದ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ, ಅಂದು ರಜೆ ಹಾಕಿ ನನ್ನ ಜೊತೆ ಹೊರಟಿದ್ದಳು. ಬಸ್ ಬರಲಿಲ್ಲ. ಮತ್ತೊಂದೂ ಬರಲಿಲ್ಲ. ಕಂಟ್ರೋಲರ್ ಗಡಿಗೆಪ್ಪನವರನ್ನು ಕೇಳಿದರೆ, "ಯವ್ವಾ, ನಿಮ್ ಯುನಿವರ್ಸಿಟಿ ಫಂಕ್ಷನ್ ಅದಂತ. ಅಲ್ಲಿ ಮಂದಿ ತುಂಬ್ಸಾಕ ಬಸ್ ಬಾಡಿಗಿ ಒಯ್ದಾರ. ಮಧ್ಯಾಹ್ನದ ಮ್ಯಾಲೆ ಬರ್ತಾವು, ಕುಂದರ್ರಿ" ಎಂದರು. ವಿಶ್ವವಿದ್ಯಾಲಯವು ನಮ್ಮೂರಿನ ಬಸ್ಸುಗಳನ್ನು ಬಾಡಿಗೆ ಹಿಡಿದು, ರಾಯಚೂರಿನ ಹಾಸ್ಟೆಲುಗಳಿಂದ ರಾಯಚೂರಿನ ಸಭಾಂಗಣಕ್ಕೆ ಹುಡುಗರನ್ನು ಸಾಗಿಸುತ್ತಿತ್ತು. ನಾವು ಕೊನೆಗೆ ಬಾಡಿಗೆಗೆ ಓಡುವ ಒಂದು ಕ್ರೂಸರ್ ಜೀಪು ಹಿಡಿದು, ಮೆಣಸಿನಕಾಯಿ ಚೀಲಗಳ ಮೇಲೆ ಕೂತು, ಗಬ್ಬೂರು ದಾಟಿ ರಾಯಚೂರು ಮುಟ್ಟುವಾಗ ಸಭೆ ಮುಗಿದು, ತಮ್ಮ ಮೇಲಿನ ರೇಷ್ಮೆ ಪರದೆ ಸರಿಯುತ್ತಿತ್ತು. ಇಬ್ಬರೂ ಸೀನುತ್ತಾ ನಿಂತು ತಮ್ಮನ್ನು ಓದಿದೆವು. ನನ್ನ ವಾಕ್ಯ ಇರಲಿಲ್ಲ.

ನಿಂಗರಾಜ ಅವರನ್ನು ಪಕ್ಕಕ್ಕೆ ಕರೆದು ಯಾರು ತೆಗೆದರೆಂದು ಕೇಳಿದೆ. ಅವರು ನಿಜವಾಗಿಯೂ ನೊಂದುಕೊಂಡು, "ಯಾರೂ ತೆಗದಿಲ್ರಿ ಅಮ್ಮಾರೆ. ಕಲ್ಲು ಮೊದ್ಲೇ ಅಳತಿಗೆ ಕಡದು ತಂದಿದ್ರು, ಮಧ್ಯಾಹ್ನದೊಳಗ ಕೆತ್ತಿ ಮುಗೀಬೇಕಿತ್ತು, ಕಲ್ಲಿನಾಗ ಜಾಗ ಸಾಲ್ಲಿಲ್ಲ. ಒಂದು ಬಿಡಬೇಕಾತು. ಎದುರಿಗೆ ಕುಂತವ್ರ ಮಾತು ಹೆಂಗ್ ಹೊಡದ್ ಹಾಕ್ಬೇಕ್ರಿ? ಎಲ್ಲಾರೂ ಕುಂತಿದ್ರು. ನೀವೊಬ್ರ ಬಂದಿದ್ದಿಲ್ಲ" ಎಂದರು. ಆಮೇಲೆ ನನ್ನ ಕೈಗೆ ಒಂದು ಪೇಡೆಯ ಪೊಟ್ಟಣ ಇಟ್ಟರು.

ಈ ಸೌಜನ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಭಾಗದಲ್ಲಿ ಎದುರಿಗೆ ಕೂತ ಹಿರಿಯರ ಮಾತನ್ನು ಯಾರೂ ಮುರಿಯುವುದಿಲ್ಲ, ಅವರು ಎದ್ದುಹೋಗುವವರೆಗೆ ಕಾಯುತ್ತೇವೆ. ನನ್ನ ಅಂಗಡಿಗೆ ಬರುವ ಬೀಗರಿಗೂ ನಾನು ಹಾಗೇ ಮಾಡುತ್ತೇನೆ. ಆದರೆ ಆ ಸಭೆಯಲ್ಲಿ ಯಾರೂ ಏಳಲಿಲ್ಲ, ಏಳುವ ಮಾತು ಅವರ ಮನಸ್ಸಿಗೂ ಬಂದಿರಲಾರದು. ಹೀಗೆ ಯಾರ ಮನಸ್ಸೂ ನೋಯದಂತೆ, ಯಾರ ಕೈಯೂ ಮುಂದಾಗದಂತೆ, ನಮ್ಮ ಕೇಂದ್ರದ ಕುತ್ತಿಗೆ ಕೊಯ್ಯಲಾಯಿತು. ತಿಂಗಳೊಪ್ಪತ್ತಿನಲ್ಲಿ ಆದೇಶ ಬಂತು: ದೇವದುರ್ಗದ ಸಂಜೆ ಕೇಂದ್ರದ ಚಟುವಟಿಕೆಗಳು ಪರಿಷ್ಕೃತ ಧ್ಯೇಯೋದ್ದೇಶದಲ್ಲಿ ಎಲ್ಲಿಯೂ ಉಲ್ಲೇಖವಾಗದ ಕಾರಣ ಅದನ್ನು ಮುಚ್ಚತಕ್ಕದ್ದು, ವಿದ್ಯಾರ್ಥಿಗಳು ರಾಯಚೂರಿನ ಮುಖ್ಯ ಆವರಣದ ಹಗಲು ತರಗತಿಗಳಿಗೆ ಸೇರತಕ್ಕದ್ದು.

ಹಗಲು ನಾನು ಅಂಗಡಿಯಲ್ಲಿರುತ್ತೇನೆ. ಹಗಲು ಸುಮಂಗಲಾ ಅಂಗನವಾಡಿಯಲ್ಲಿ ಮಕ್ಕಳಿಗೆ ಅನ್ನ ಬಡಿಸುತ್ತಿರುತ್ತಾಳೆ. ಅವಳು ಮೇಲ್ವಿಚಾರಕಿಯಾಗಬೇಕಾದರೆ ಪದವಿ ಬೇಕು, ಪದವಿ ಬೇಕಾದರೆ ಈಗಿರುವ ಕೆಲಸ ಬಿಡಬೇಕೆಂದು ತಾವು ಹೇಳುತ್ತಿದ್ದೀರಿ. ಆದೇಶ ಓದಿದ ದಿನ ಅವಳು, "ಅಕ್ಕಾ, ನಿಮ್ದು ಸ್ವಂತ ಅಂಗಡಿ ಅದ, ಹೆಂಗರ ಮಾಡ್ತೀರಿ. ನಂದು ಇಲ್ಲಿಗೆ ಮುಗೀತು" ಎಂದು ಹೇಳಿ, ಅಳದೆ, ಬೆಂಚಿನ ಮೇಲಿನ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡಳು. ಅವಳ ಮನೆತನದಲ್ಲಿ ಕಾಲೇಜಿನ ಬೆಂಚು ಮುಟ್ಟಿದವಳು ಅವಳೇ ಮೊದಲು. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು, ಯಾಕೆಂದರೆ ಅವರೆಲ್ಲ ನನ್ನನ್ನು ನಂಬಿ ಕಳಿಸಿದ್ದರು ಮತ್ತು ನಾನು ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಹಾಜರಿ ಕೂಗುವಾಗ ಅಧ್ಯಾಪಕರು ಕೂತಲ್ಲೇ ಹೇಳಿ ಎಂದರೂ ನಾನು ಪ್ರತಿ ಸಂಜೆ ಮೊಣಕಾಲು ಹಿಡಿದುಕೊಂಡು ಎದ್ದು ನಿಂತೇ ಓಗೊಡುತ್ತೇನೆ. ಆ ಎದ್ದು ನಿಲ್ಲುವ ಸುಖವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆಗಳು. ತಾವು ದಯಮಾಡಿ ಒಂದು ದಿನ ಕಲ್ಲಿನಿಂದ ಇಳಿದು, ಸಂಜೆಯ ಬಸ್ಸು ಹಿಡಿದು ದೇವದುರ್ಗಕ್ಕೆ ಬರಬೇಕು. ಕೂರಲು ಜಾಗ ಸಿಗದಿದ್ದರೆ 'ಶ್ರೇಷ್ಠತೆ'ಯವರು ಮಹಿಳೆಯರ ಸೀಟಿನ ಕಂಬಿ ಹಿಡಿದು ನಿಲ್ಲಲಿ, 'ಜಾಗತಿಕ'ದವರು ಬಾಗಿಲ ಬಳಿ ಜೋತಾಡಲಿ. ಬಂದು ನಮಗೆ ಒಂದು ಪಾಠ ಮಾಡಬೇಕು, ಇತಿಹಾಸವಾದರೂ ಸರಿ, ಅರ್ಥಶಾಸ್ತ್ರವಾದರೂ ಸರಿ. ಅದಾಗದಿದ್ದರೆ 'ಉತ್ಕೃಷ್ಟತೆ' ಮತ್ತು 'ಶ್ರೇಷ್ಠತೆ'ಯವರಲ್ಲಿ ಒಬ್ಬರು ಸ್ವಲ್ಪ ಸರಿದು ಕೂತರೆ ನಮ್ಮ ವಾಕ್ಯ ಪಕ್ಕದಲ್ಲಿ ಒರಗಿಕೊಳ್ಳಬಹುದು. ನಮ್ಮ ಕಡೆ ಕ್ರೂಸರಿನಲ್ಲಿ ನಾಲ್ವರ ಸೀಟಿನಲ್ಲಿ ಏಳು ಮಂದಿ ಕೂಡುತ್ತೇವೆ. ಅದೂ ಆಗದಿದ್ದರೆ, ಮುಂದಿನ ಪರಿಷ್ಕರಣೆಯ ಸಭೆಯ ದಿನ ಕುಲಪತಿಗಳು ಮೊದಲ್ಗೊಂಡು ಸಮಿತಿಯವರೆಲ್ಲರೂ ದೇವದುರ್ಗದಿಂದಲೇ ಬಸ್ಸಿನಲ್ಲಿ ಹೊರಡುವಂತೆ ತಾವು ಆಜ್ಞೆ ಮಾಡಬೇಕು ಮತ್ತು ಆ ದಿನವೂ ಬಸ್ಸುಗಳನ್ನು ಬಾಡಿಗೆಗೆ ಒಯ್ಯಬೇಕು. ಆಗ ಸಭೆಯಲ್ಲಿ ಒಬ್ಬರೂ ಇರುವುದಿಲ್ಲವಾದ್ದರಿಂದ, ಯಾರ ಮುಖದ ಮುಲಾಜೂ ನೋಡದೆ ಎಲ್ಲ ಮಾತುಗಳನ್ನೂ ಹೊಡೆದುಹಾಕಬಹುದು, ತಮ್ಮ ಕಲ್ಲು ಖಾಲಿಯಾಗುತ್ತದೆ. ಖಾಲಿ ಕಲ್ಲಿಗೆ ನಮ್ಮ ಕೇಂದ್ರವನ್ನು ಮುಚ್ಚುವ ಅಧಿಕಾರ ಇರಲಾರದೆಂದು ನನ್ನ ತಿಳುವಳಿಕೆ.

ಇಷ್ಟನ್ನು ನಡೆಸಿಕೊಡುವಿರೆಂಬ ಭರವಸೆ ನನಗೆ ಎಳ್ಳಷ್ಟೂ ಇಲ್ಲದಿದ್ದರೂ, ಕೇಳಲಿಲ್ಲವೆಂಬ ಮಾತು ನನ್ನ ಮೇಲೆ ಬರಬಾರದೆಂದು ಕೇಳಿದ್ದೇನೆ. ತಮ್ಮ ಬಂಗಾರದ ಬಣ್ಣ ಬಿಸಿಲಿಗೆ ಬೇಗ ಮಾಸದಿರಲಿ.

ತಮ್ಮ ವಿಶ್ವಾಸಿ,
ಹೀರಾಬಿ
ಬಿ.ಎ. ಎರಡನೆಯ ವರ್ಷ (ಸದ್ಯಕ್ಕೆ), ಸಂಜೆ ಪದವಿ ಕೇಂದ್ರ, ದೇವದುರ್ಗ

ತಾ.ಕ.: ಪತ್ರ ಮುಗಿಸಿದ ಮೇಲೆ ವಿಶ್ವವಿದ್ಯಾಲಯದ ಗಾಡಿ ನಮ್ಮ ಕೇಂದ್ರಕ್ಕೆ ಬಂದು, ಗಾಜಿನ ಚೌಕಟ್ಟು ಹಾಕಿಸಿದ ತಮ್ಮದೊಂದು ಪ್ರತಿಯನ್ನು ಇಳಿಸಿ ಹೋಗಿದೆ. ಅದನ್ನು ವಿದ್ಯಾರ್ಥಿಗಳೆಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕತಕ್ಕದ್ದು ಎಂದು ಅಪ್ಪಣೆಯೂ ಜೊತೆಗಿದೆ. ಅಪ್ಪಣೆ ಮೀರುವವರು ನಾವಲ್ಲ. ಗೋಡೆ ನಮ್ಮಲ್ಲಿದೆ, ಮೊಳೆಯನ್ನು ನನ್ನ ಅಂಗಡಿಯಿಂದಲೇ ತಂದಿದ್ದೇನೆ. ಸೆಮಿಸ್ಟರ್ ಮುಗಿದ ಮೇಲೆ ಅದನ್ನು ಓದಲು ವಿದ್ಯಾರ್ಥಿಗಳನ್ನು ಮಾತ್ರ ತಾವು ಕಳಿಸಿಕೊಡಬೇಕು.